ಎದೆಯೊಳಗಿನ ಕ್ಯಾನ್ಸರ್ ಅಲ್ಲದ ಗಡ್ಡೆ: ಗಾಯ ಸಣ್ಣದಾದರೆ ಶಸ್ತ್ರಚಿಕಿತ್ಸೆಯೂ ಸಣ್ಣದೇ?

ತಂಗಿಯ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 34 ವರ್ಷ. ಹೊಸ ಕೆಲಸಕ್ಕೆ ಸೇರುವ ಮುನ್ನ ಎದೆಯ ಎಕ್ಸ್-ರೇ ತೆಗೆಸಿದಳು. ಬಲಗಡೆ ಮೇಲ್ಭಾಗದಲ್ಲಿ, ಬೆನ್ನುಮೂಳೆಗೆ ಒತ್ತಿಕೊಂಡಂತೆ, ದುಂಡಗಿನ ನೆರಳೊಂದು ಕಂಡಿತು. ಸಿಟಿ ಸ್ಕ್ಯಾನ್ ಆಯಿತು. ನಾಲ್ಕೂವರೆ ಸೆಂಟಿಮೀಟರ್ ಗಡ್ಡೆ, ನರದ ಹೊದಿಕೆಯಿಂದ ಹುಟ್ಟುವ ಶ್ವಾನೋಮಾ ಇರಬಹುದು, ಕ್ಯಾನ್ಸರ್‌ನ ಲಕ್ಷಣ ಕಾಣುತ್ತಿಲ್ಲ ಎಂದು ವರದಿ ಬಂದಿದೆ. ಅವಳಿಗೆ ಕೆಮ್ಮಿಲ್ಲ, ನೋವಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರೂ ಇಲ್ಲ.

ತೆಗೆಸಿಬಿಡುವುದು ಒಳ್ಳೆಯದು ಎನ್ನುತ್ತಾರೆ ಶಸ್ತ್ರಚಿಕಿತ್ಸಕರು. ಎದೆ ತೆರೆಯಬೇಕಾಗಿಲ್ಲ, ಮೂರು ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ತೆಗೆಯುತ್ತೇವೆ ಎಂದಿದ್ದಾರೆ. ಮನೆಯಲ್ಲೀಗ ಎರಡು ಪಕ್ಷ. ನೋವೇ ಕೊಡದ್ದನ್ನು ಕೆಣಕುವುದೇಕೆ ಎಂದು ಅಪ್ಪ. ಮೂರು ರಂಧ್ರ ತಾನೇ, ಎರಡು ದಿನದಲ್ಲಿ ಮನೆಗೆ ಬರುತ್ತಾಳೆ ಎಂದು ತಂಗಿಯ ಗಂಡ. ಅವಳು ಮಾತ್ರ ಏನೂ ಹೇಳುತ್ತಿಲ್ಲ. ರಾತ್ರಿ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಮಲಗುತ್ತಾಳೆ, ಒಳಗಿರುವುದು ಕೈಗೆ ಸಿಗುತ್ತದೆಯೇನೋ ಎಂಬಂತೆ.

ಈ ದಾರಿಯಲ್ಲಿ ಹೋಗಿಬಂದವರು ಯಾರಾದರೂ ಇದ್ದರೆ ನಡೆದದ್ದನ್ನು ನಡೆದ ಹಾಗೆ ಹೇಳಿ. ಧೈರ್ಯದ ಮಾತು ಬೇಕಾದಷ್ಟು ಕೇಳಿದ್ದೇವೆ.

ಓಟಗಾರ

ಅಕ್ಕ, ನನ್ನದೂ ಇದೇ ಗಡ್ಡೆ. ಎಡಗಡೆ, ಐದು ಸೆಂಟಿಮೀಟರ್. ತೆಗೆಸಿ ಎರಡು ವರ್ಷವಾಯಿತು.

ಎಚ್ಚರವಾದಾಗ ಮೊದಲು ಗಮನಕ್ಕೆ ಬಂದದ್ದು ನೋವಲ್ಲ, ಪಕ್ಕೆಯಿಂದ ಹೊರಟು ಮಂಚದ ಕೆಳಗಿನ ಬಾಟಲಿಗೆ ಇಳಿದಿದ್ದ ನಳಿಕೆ. ಉಸಿರೆಳೆದರೆ ನಳಿಕೆಯೊಳಗಿನ ನೀರು ಮೇಲೇರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ನನ್ನ ಉಸಿರನ್ನು ನಾನೇ ಕಣ್ಣಾರೆ ನೋಡುತ್ತಿದ್ದೆ. ಮೊದಲ ರಾತ್ರಿ ಅದನ್ನು ನೋಡುತ್ತಲೇ ಕಳೆದೆ. ಎರಡನೆಯ ದಿನ ಎಕ್ಸ್-ರೇ ನೋಡಿ ನಳಿಕೆ ತೆಗೆದರು. ಉಸಿರು ಬಿಗಿಹಿಡಿಯಲು ಹೇಳಿದರು, ಒಳಗೆ ಏನೋ ಜಾರಿದಂತಾಯಿತು, ಮುಗಿದುಹೋಯಿತು. ಅದು ಹೊರಬಂದ ಕೂಡಲೇ ಅರ್ಧ ನೋವು ಇಳಿಯಿತು.

ನಾಲ್ಕನೆಯ ದಿನ ಮನೆಗೆ ಹೋದೆ. ಆರನೆಯ ವಾರ ನಿಧಾನವಾಗಿ ಓಡಲು ಶುರುಮಾಡಿದೆ. ಇನ್ನೊಂದು ಸಂಗತಿಯನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ: ನನ್ನ ಎಡ ಅಂಗೈ ಅಂದಿನಿಂದ ಬೆವರುವುದಿಲ್ಲ. ಬಲಗೈ ಮೊದಲಿನಂತೆಯೇ ಇದೆ.

ಹಸಿರು ಗೌನು

ಹನ್ನೆರಡು ವರ್ಷಗಳಿಂದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಶುಶ್ರೂಷಕಿಯಾಗಿದ್ದೇನೆ, ಅದರಲ್ಲಿ ಹೆಚ್ಚಿನ ಕಾಲ ಎದೆಯ ವಿಭಾಗದಲ್ಲಿ. "ಮೂರು ರಂಧ್ರ ತಾನೇ" ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಳಗೆ ಏನು ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ, ನಿಮ್ಮ ತಂಗಿಗೂ ಓದಿ ಹೇಳಿ. ತಿಳಿದವರಿಗೆ ಭಯ ಕಡಿಮೆ ಎಂಬುದನ್ನು ನಾನು ದಿನವೂ ಕಾಣುತ್ತೇನೆ.

ಪೂರ್ಣ ಅರಿವಳಿಕೆ ಕೊಡುತ್ತಾರೆ. ಗಂಟಲಿನಿಂದ ಇಳಿಸುವ ಕೊಳವೆ ಮಾಮೂಲಿಯದ್ದಲ್ಲ, ಎರಡು ದಾರಿಗಳಿರುವಂಥದ್ದು: ಒಂದು ಎಡ ಶ್ವಾಸಕೋಶಕ್ಕೆ, ಇನ್ನೊಂದು ಬಲಕ್ಕೆ. ಬಲಗಡೆ ಕೆಲಸವಿದ್ದರೆ ಎಡಮಗ್ಗುಲಲ್ಲಿ ಮಲಗಿಸಿ, ಬಲಗೈಯನ್ನು ಮುಂದಕ್ಕೆ ಎತ್ತಿ ಕಟ್ಟಿ, ಬಲ ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸುತ್ತಾರೆ. ಕ್ಯಾಮೆರಾ ಇಳಿದಾಗ ಪರದೆಯ ಮೇಲೆ ಶ್ವಾಸಕೋಶ ನಿಧಾನವಾಗಿ ಕುಗ್ಗುತ್ತಾ ಹೋಗುವುದು ಕಾಣುತ್ತದೆ. ಅಷ್ಟು ಹೊತ್ತೂ ರೋಗಿ ಒಂದೇ ಶ್ವಾಸಕೋಶದ ಮೇಲೆ ಇರುತ್ತಾರೆ. ಅರಿವಳಿಕೆ ವೈದ್ಯರು ಆಮ್ಲಜನಕದ ಅಂಕಿಯಿಂದ ಕಣ್ಣು ಕೀಳುವುದಿಲ್ಲ.

ಶ್ವಾಸಕೋಶ ಸರಿದ ಮೇಲೆ ಹಿಂಗೋಡೆ ಕಾಣುತ್ತದೆ: ಸಾಲಾಗಿ ಪಕ್ಕೆಲುಬುಗಳು, ಅವುಗಳ ಬುಡದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ಬಿಳಿಯ ನರದ ಎಳೆ, ಪಕ್ಕದಲ್ಲೇ ದೊಡ್ಡ ರಕ್ತನಾಳಗಳು. ಶ್ವಾನೋಮಾ ಇದ್ದರೆ ತೆಳುವಾದ ಹೊಳಪಿನ ಪೊರೆಯ ಕೆಳಗೆ ಕೆನೆಬಣ್ಣದ ಉಬ್ಬಾಗಿ ಕಾಣುತ್ತದೆ. ಆ ಪೊರೆಯನ್ನು ಸುತ್ತಲೂ ಕತ್ತರಿಸಿ, ಗಡ್ಡೆಗೆ ಬರುವ ಸಣ್ಣ ರಕ್ತನಾಳಗಳನ್ನು ಒಂದೊಂದಾಗಿ ಮುಚ್ಚಿ, ಕೊಂಚ ಕೊಂಚವಾಗಿ ಬಿಡಿಸುತ್ತಾ ಬರುತ್ತಾರೆ. ಬಿಡಿಸಿದ ಗಡ್ಡೆಯನ್ನು ಒಳಗೇ ಒಂದು ಪುಟ್ಟ ಚೀಲಕ್ಕೆ ಹಾಕಿ ಹೊರಗೆಳೆಯುತ್ತಾರೆ. ಹೊರಬರುವ ದಾರಿಯಲ್ಲಿ ಚೂರು ಉದುರಬಾರದು. ಗಡ್ಡೆ ದೊಡ್ಡದಿದ್ದರೆ ಒಂದು ರಂಧ್ರವನ್ನು ಅದಕ್ಕೆ ತಕ್ಕಷ್ಟು ಅಗಲಿಸುತ್ತಾರೆ. ಕೊನೆಗೆ ಶ್ವಾಸಕೋಶಕ್ಕೆ ಮತ್ತೆ ಗಾಳಿ ತುಂಬುವಾಗ ಅದು ಅರಳಿ ಎದೆಗೂಡನ್ನು ತುಂಬಿಕೊಳ್ಳುವುದನ್ನು ಕ್ಯಾಮೆರಾದಲ್ಲಿ ನೋಡುತ್ತಾರೆ. ಎಷ್ಟು ಸಲ ನೋಡಿದ್ದರೂ ಆ ಗಳಿಗೆಯಲ್ಲಿ ನಾನು ತಲೆಯೆತ್ತಿ ಪರದೆ ನೋಡುತ್ತೇನೆ.

ಒಳಗೆ ಮಾಡುವ ಕೆಲಸ ಎದೆ ತೆರೆದು ಮಾಡುವಾಗಿನಷ್ಟೇ ಇದೆ, ಕಡಿಮೆಯಿಲ್ಲ. ತಪ್ಪುವುದು ಪಕ್ಕೆಲುಬುಗಳನ್ನು ಅಗಲಿಸುವ ಹಿಂಸೆ. ಅದು ಸಣ್ಣ ಉಳಿತಾಯವಲ್ಲ. ನೋವು, ಉಸಿರಾಟ, ಚೇತರಿಕೆ ಎಲ್ಲದರಲ್ಲೂ ವ್ಯತ್ಯಾಸ ಕಾಣುತ್ತದೆ. ಆದರೆ ಎದೆ ತೆರೆಯುವ ಉಪಕರಣಗಳ ತಟ್ಟೆ ನಮ್ಮ ಕೊಠಡಿಯಲ್ಲಿ ಪ್ರತಿ ಸಲವೂ ಸಿದ್ಧವಾಗಿರುತ್ತದೆ.

ಅಪ್ಪನ ಮಗ

ಗೌನಿನವರು ಹೇಳಿದ ಆ ತಟ್ಟೆಯ ಬಗ್ಗೆ ನಮಗೂ ಒಂದು ಮಾತು ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಅಪ್ಪನ ಶ್ವಾಸಕೋಶದಲ್ಲಿ ಹಮಾರ್ಟೋಮಾ ಎಂಬ ಗಡ್ಡೆ ಇತ್ತು. ರಂಧ್ರದಿಂದಲೇ ತೆಗೆಯುತ್ತೇವೆ ಎಂದಿದ್ದರು. ಒಳಗೆ ಹೋದ ಒಂದೂವರೆ ಗಂಟೆಯ ನಂತರ ಯಾರೋ ಹೊರಬಂದು "ತೆರೆಯಬೇಕಾಯಿತು" ಎಂದಷ್ಟೇ ಹೇಳಿ ಹೋದರು. ಅಮ್ಮ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಏನೋ ಕೈಮೀರಿದೆ ಎಂದೇ ನಾವೆಲ್ಲ ತಿಳಿದೆವು. ಸಂಜೆ ವೈದ್ಯರು ವಿವರಿಸಿದ ಮೇಲೆ ಗೊತ್ತಾಯಿತು: ಅಪ್ಪನಿಗೆ ಹರೆಯದಲ್ಲಿ ಕ್ಷಯ ಬಂದು ವಾಸಿಯಾಗಿತ್ತು. ಶ್ವಾಸಕೋಶ ಎದೆಗೋಡೆಗೆ ಪೂರ್ತಿ ಅಂಟಿಕೊಂಡಿತ್ತು. ಅದು ಕುಗ್ಗಲೇ ಇಲ್ಲ, ಕ್ಯಾಮೆರಾ ಆಡಿಸಲು ಜಾಗವೇ ಇರಲಿಲ್ಲ.

ಅವರ ತೀರ್ಮಾನ ಸರಿಯಾಗಿಯೇ ಇತ್ತು. ಅಪ್ಪ ಗುಣವಾದರು. ಆದರೆ ಹಾಗಾಗಬಹುದು ಎಂದು ಹಿಂದಿನ ದಿನವೇ ಕೂರಿಸಿ ಹೇಳಿದ್ದರೆ ಅಮ್ಮನಿಗೆ ಆ ನಾಲ್ಕು ಗಂಟೆಗಳ ನರಕ ತಪ್ಪುತ್ತಿತ್ತು. ಸಹಿ ಹಾಕಿದ ಕಾಗದದಲ್ಲಿ ಅದು ಇತ್ತಂತೆ. ಕಾಗದದಲ್ಲಿ ಇರುವುದು ಬೇರೆ, ಮುಖ ನೋಡಿ ಹೇಳುವುದು ಬೇರೆ.

ಹಳೆಯ ಪುಟ

ಅಪ್ಪನ ಮಗ ಬರೆದದ್ದನ್ನು ಓದಿ ಒಂದು ಹಳೆಯ ಸಂಗತಿ ನೆನಪಾಯಿತು. ವೈದ್ಯಕೀಯ ಇತಿಹಾಸ ನನ್ನ ಓದಿನ ವಿಷಯ. ಎದೆಯೊಳಗೆ ದರ್ಶಕ ಇಳಿಸಿ ನೋಡುವ ವಿಧಾನವನ್ನು 1910ರಲ್ಲಿ ಪ್ರಕಟಿಸಿದವರು ಸ್ವೀಡನ್ನಿನ ವೈದ್ಯ ಹ್ಯಾನ್ಸ್ ಕ್ರಿಶ್ಚಿಯನ್ ಯಾಕೋಬೇಯಸ್. ಅವರು ಬಳಸಿದ್ದು ಮೂತ್ರಕೋಶ ನೋಡಲು ಇದ್ದ ಉಪಕರಣವನ್ನು. ಮುಂದೆ ಅದರ ಮುಖ್ಯ ಉಪಯೋಗವಾದದ್ದು ಕ್ಷಯ ರೋಗಿಗಳಲ್ಲಿ ಶ್ವಾಸಕೋಶ ಎದೆಗೋಡೆಗೆ ಅಂಟಿದ್ದ ಎಳೆಗಳನ್ನು ಸುಟ್ಟು ಬಿಡಿಸುವುದಕ್ಕೆ. ಕ್ಷಯಕ್ಕೆ ಔಷಧ ಬಂದ ಮೇಲೆ ಅದು ಬಹುಮಟ್ಟಿಗೆ ಮೂಲೆ ಸೇರಿತು. 1990ರ ದಶಕದ ಆರಂಭದಲ್ಲಿ ವಿಡಿಯೋ ಕ್ಯಾಮೆರಾದ ಜೊತೆ ಮರಳಿ ಬಂತು. ಈಗ ವೈದ್ಯರು ವ್ಯಾಟ್ಸ್ ಎನ್ನುವುದು ಇದನ್ನೇ. ಮೊದಲು ಒಬ್ಬರೇ ಕಣ್ಣಿಟ್ಟು ನೋಡಬೇಕಿತ್ತು. ಪರದೆ ಬಂದ ಮೇಲೆ ಕೊಠಡಿಯಲ್ಲಿರುವ ಎಲ್ಲರೂ ಒಂದೇ ದೃಶ್ಯ ನೋಡುತ್ತಾ ಕೈಜೋಡಿಸಿ ಕೆಲಸ ಮಾಡಲು ಸಾಧ್ಯವಾಯಿತು.

ಕಾದು ನೋಡುತ್ತಿರುವವಳು

ಅಪ್ಪನ ಪಕ್ಷದಿಂದಲೂ ಒಬ್ಬರು ಮಾತಾಡಲಿ. ನನ್ನ ಹೃದಯದ ಪಕ್ಕ, ಬಲಗಡೆ ಕೆಳಗೆ, ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ) ಮೇಲೆ ಒಂದು ನೀರುಚೀಲವಿದೆ. ಹೃದಯದ ಹೊರಪೊರೆಗೆ ಸೇರಿದ್ದು. ಆರು ವರ್ಷದಿಂದ ಹಾಗೆಯೇ ಇದೆ. ತಿಳಿನೀರು ತುಂಬಿದ ತೆಳು ಗೋಡೆಯ ಚೀಲ, ಒತ್ತುತ್ತಿಲ್ಲ, ಬೆಳೆಯುತ್ತಿಲ್ಲ, ಬಿಟ್ಟುಬಿಡಿ ಎಂದರು ವೈದ್ಯರು. ಆಗಾಗ ಸ್ಕ್ಯಾನ್ ಮಾಡಿಸುತ್ತೇನೆ, ಉಳಿದ ದಿನ ಅದರ ನೆನಪೇ ಇರುವುದಿಲ್ಲ. ರಂಧ್ರದಲ್ಲೇ ತೆಗೆಯಬಹುದು ಎಂಬುದು ತೆಗೆಸಲು ಕಾರಣವಾಗಬಾರದು. ದಾರಿ ಸುಲಭವಾಯಿತೆಂದು ಹೋಗಬೇಕಿಲ್ಲದ ಊರಿಗೆ ಹೋಗುತ್ತೇವೆಯೇ?

ತಂಗಿಯ ಅಕ್ಕ

ನೀವು ಹೇಳಿದ್ದನ್ನು ಅಪ್ಪನಿಗೆ ಓದಿ ಹೇಳಿದೆ, ಅವರ ಮುಖ ಅರಳಿತು. ನನಗೆ ಮಾತ್ರ ಗೊಂದಲ ಹೆಚ್ಚಾಯಿತು. ಹಾಗಾದರೆ ನಾವೂ ಕಾಯಬಹುದಲ್ಲವೇ?

ಎದೆ ವಿಭಾಗದ ವೈದ್ಯ

ಅಮ್ಮಾ, ನಿಮ್ಮ ತಂಗಿಯ ಚಿತ್ರಗಳನ್ನು ನಾನು ನೋಡಿಲ್ಲ. ನೋಡಿದವರ ಮಾತೇ ಕೊನೆಯ ಮಾತು. ಆದರೂ ಒಂದು ಗಂಟನ್ನು ಬಿಡಿಸಬೇಕು. ಎದೆಯೊಳಗಿನ ಕ್ಯಾನ್ಸರ್ ಅಲ್ಲದ ಗಡ್ಡೆಗಳೆಲ್ಲ ಒಂದೇ ಜಾತಿಯವಲ್ಲ.

ಮೇಲಿನವರಿಗಿರುವ ತಿಳಿನೀರಿನ ಚೀಲವನ್ನು ಬಿಟ್ಟುಬಿಡುವುದು ಒಪ್ಪಿತವಾದ ದಾರಿ. ಶ್ವಾಸಕೋಶದ ಹಮಾರ್ಟೋಮಾದಲ್ಲಿ ಸಿಟಿ ಚಿತ್ರವು ಕೊಬ್ಬನ್ನೂ ಅರಳಿನಂಥ ಸುಣ್ಣದ ಕಲೆಗಳನ್ನೂ ತೋರಿಸಿದರೆ, ಅದು ಸಣ್ಣದಿದ್ದರೆ, ಅದನ್ನೂ ಎಷ್ಟೋ ಸಲ ಬಿಟ್ಟು ನೋಡುತ್ತೇವೆ. ಶ್ವಾಸನಾಳದ ಮೂಲದಿಂದ ಹುಟ್ಟಿನಲ್ಲೇ ಬರುವ ಚೀಲ ಹಾಗಲ್ಲ. ಅದು ಸೋಂಕು ತಗುಲಿ ಊದಿಕೊಂಡು ಸುತ್ತಲಿನದ್ದಕ್ಕೆ ಅಂಟಿಕೊಂಡ ಮೇಲೆ ತೆಗೆಯುವುದು ಬಹಳ ಕಷ್ಟ. ಆದ್ದರಿಂದ ಶಾಂತವಾಗಿದ್ದಾಗಲೇ ತೆಗೆಸಿ ಎನ್ನುತ್ತೇವೆ. ಗೋಡೆಯ ಚೂರು ಉಳಿದರೆ ಮತ್ತೆ ತುಂಬಿಕೊಳ್ಳಬಹುದು ಎಂಬುದನ್ನೂ ಹೇಳಿಬಿಡುತ್ತೇವೆ.

ಬೆನ್ನುಮೂಳೆಯ ಪಕ್ಕದ ನರದ ಗಡ್ಡೆ ವಯಸ್ಕರಲ್ಲಿ ಬಹುಪಾಲು ಸೌಮ್ಯವೇ. ಆದರೂ 34 ವರ್ಷದ ಆರೋಗ್ಯವಂತರಿಗೆ ತೆಗೆಸಲು ಹೇಳುವುದಕ್ಕೆ ಕಾರಣಗಳಿವೆ. ಅದು ನಿಧಾನವಾಗಿ ಬೆಳೆಯುತ್ತದೆ, ಬೆಳೆಯುವ ಜಾಗ ಇಕ್ಕಟ್ಟು. ಗಡ್ಡೆ ನಿಜವಾಗಿ ಏನು ಎಂಬುದು ಅಂಗಾಂಶ ಕೈಗೆ ಸಿಕ್ಕ ಮೇಲೆಯೇ ಖಚಿತ. ಇಂದು ರಂಧ್ರದಿಂದ ಬರುವುದು ಹತ್ತು ವರ್ಷದ ನಂತರ ಬಾರದಿರಬಹುದು. ವಯಸ್ಸು 80 ಆಗಿದ್ದು, ಬೇರೆ ಕಾಯಿಲೆಗಳಿದ್ದರೆ ನಾನೂ ಕಾಯೋಣ ಎನ್ನುತ್ತಿದ್ದೆ.

ಇದಕ್ಕಿಂತ ಮುಖ್ಯವಾದದ್ದು ಎಂಆರ್‌ಐ. ನೀವು ಸಿಟಿಯ ಬಗ್ಗೆ ಮಾತ್ರ ಬರೆದಿದ್ದೀರಿ. ಇಂಥ ಗಡ್ಡೆಗಳಲ್ಲಿ ಸುಮಾರು ಹತ್ತರಲ್ಲಿ ಒಂದು, ಬೆನ್ನುಮೂಳೆಯಿಂದ ನರ ಹೊರಬರುವ ಕಿಂಡಿಯ ಮೂಲಕ ಬೆನ್ನುಹುರಿಯ ಕಡೆಗೂ ಬಾಲ ಚಾಚಿರುತ್ತದೆ. ಒಳಗೊಂದು ಗುಂಡು, ಹೊರಗೊಂದು ಗುಂಡು, ನಡುವೆ ಸಣ್ಣ ಕತ್ತು. ಅದನ್ನು ತಿಳಿಯದೆ ಎದೆಯ ಕಡೆಯಿಂದ ಎಳೆದರೆ ಒಳಗೆ ರಕ್ತಸ್ರಾವವಾಗಿ ಬೆನ್ನುಹುರಿಯನ್ನು ಒತ್ತಬಹುದು. ಅಂಥ ಗಡ್ಡೆಗೆ ನರಶಸ್ತ್ರಚಿಕಿತ್ಸಕರೂ ಜೊತೆಗಿರಬೇಕು. ಮೊದಲು ಬೆನ್ನಿನ ಕಡೆಯಿಂದ ಬಿಡಿಸಿ, ಬಳಿಕ ಎದೆಯಿಂದ ತೆಗೆಯುತ್ತಾರೆ. ಆದ್ದರಿಂದ "ಕಿಂಡಿಯೊಳಗೆ ಹೋಗಿದೆಯೇ?" ಎಂದು ಕೇಳಿ. ರಕ್ತದೊತ್ತಡ ಏರಿಸುವ ಹಾರ್ಮೋನು ಸುರಿಸುವ ಗಡ್ಡೆಯೂ ಅಪರೂಪಕ್ಕೆ ಇದೇ ಜಾಗದಲ್ಲಿ ಇರುತ್ತದೆ. ಅನುಮಾನವಿದ್ದರೆ ರಕ್ತ ಅಥವಾ ಮೂತ್ರದಲ್ಲಿ ಮೆಟಾನೆಫ್ರಿನ್ ಪರೀಕ್ಷೆ ಮಾಡಿಸುತ್ತಾರೆ. ಸಿದ್ಧತೆಯಿಲ್ಲದೆ ಅಂಥದ್ದನ್ನು ಮುಟ್ಟಿದರೆ ಒತ್ತಡ ಒಮ್ಮೆಲೇ ಜಿಗಿಯುತ್ತದೆ.

ಓಟಗಾರರ ಒಣ ಅಂಗೈಗೂ ಉತ್ತರ ಇಲ್ಲೇ ಇದೆ. ಶುಶ್ರೂಷಕಿ ಮೇಡಂ ಹೇಳಿದ ಆ ಬಿಳಿಯ ಎಳೆ ಅನುವೇದನಾ ನರದ ಸರಪಣಿ. ಕೈಯ ಬೆವರು ಅದರ ಹಿಡಿತದಲ್ಲಿದೆ. ಗಡ್ಡೆ ಅದರಿಂದಲೇ ಹುಟ್ಟಿದ್ದರೆ ಆ ತುಂಡೂ ಹೋಗಬಹುದು. ಇನ್ನೂ ಮೇಲೆ, ಎದೆಯ ತುದಿಯಲ್ಲಿದ್ದರೆ ಆ ಕಡೆಯ ಕಣ್ಣುರೆಪ್ಪೆ ಸ್ವಲ್ಪ ಇಳಿಯಬಹುದು, ಪಾಪೆ ಕಿರಿದಾಗಬಹುದು, ಅರ್ಧ ಮುಖ ಬೆವರದಿರಬಹುದು. ಇದಕ್ಕೆ ಹಾರ್ನರ್ ಲಕ್ಷಣ ಎನ್ನುತ್ತಾರೆ. ಶ್ವಾನೋಮಾ ನರದ ಒಂದು ಮಗ್ಗುಲಿಗೆ, ತನ್ನದೇ ಕವಚದೊಳಗೆ ಬೆಳೆಯುವುದರಿಂದ ಕೆಲವೊಮ್ಮೆ ಕವಚ ಸೀಳಿ ತಿರುಳನ್ನು ಮಾತ್ರ ಬಿಡಿಸಿ ನರವನ್ನು ಉಳಿಸಲು ಪ್ರಯತ್ನಿಸಬಹುದು. ನಿಮ್ಮ ತಂಗಿಯ ಗಡ್ಡೆ ಮೇಲ್ಭಾಗದಲ್ಲಿದೆ ಎಂದಿರಿ. ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ.

ಸಂಜೆಯ ಕಣ್ಣು

ಡಾಕ್ಟರ್ ಸರ್, "ಸೌಮ್ಯ" ಎಂಬ ಪದದ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ನನಗೆ ಸಂಜೆಯಾದರೆ ಬಲಗಣ್ಣಿನ ರೆಪ್ಪೆ ಇಳಿಯುತ್ತಿತ್ತು, ಬೆಳಿಗ್ಗೆ ಸರಿಯಾಗುತ್ತಿತ್ತು. ತಿಂಗಳುಗಟ್ಟಲೆ ಕನ್ನಡಕ ಬದಲಿಸುತ್ತಾ ಕಳೆದೆ. ಕೊನೆಗೆ ಒಬ್ಬ ನರವೈದ್ಯರು ಇದು ಸ್ನಾಯುಗಳು ಬೇಗ ಸೋಲುವ ಮಯಸ್ತೇನಿಯಾ ಗ್ರೇವಿಸ್ ಕಾಯಿಲೆ ಎಂದು ಗುರುತಿಸಿ, ಅದರ ಜೊತೆ ಥೈಮಸ್ ಗಡ್ಡೆ ಇರಬಹುದೆಂದು ಎದೆಯ ಸಿಟಿ ಮಾಡಿಸಿದರು. ಎದೆಮೂಳೆಯ ಹಿಂದೆ ಥೈಮಸ್ ಗ್ರಂಥಿಯಲ್ಲಿ ಮೂರು ಸೆಂಟಿಮೀಟರ್ ಗಡ್ಡೆ ಇತ್ತು.

ಸೌಮ್ಯವಾಗಿ ಕಾಣುತ್ತದೆ ಎಂದು ಮೊದಲು ನೋಡಿದವರು ಹೇಳಿದ್ದರು. ಶಸ್ತ್ರಚಿಕಿತ್ಸಕರು ತಿದ್ದಿದರು: ಥೈಮೋಮಾ ಎಂಬ ಈ ಥೈಮಸ್ ಗಡ್ಡೆಯನ್ನು ಈಗ ಸೌಮ್ಯ ಎಂದು ಕರೆಯುವುದಿಲ್ಲ, ಅದು ಎಷ್ಟೇ ಸಾಧುವಾಗಿ ಕಂಡರೂ ಮರಳುವ ಶಕ್ತಿ ಇಟ್ಟುಕೊಂಡಿರುತ್ತದೆ. ಆದ್ದರಿಂದ ಕವಚ ಒಡೆಯದಂತೆ, ಸುತ್ತಲಿನ ಗ್ರಂಥಿ ಮತ್ತು ಕೊಬ್ಬಿನ ಸಮೇತ ತೆಗೆದರು. ಬಲ ಪಕ್ಕೆಯಿಂದ ಮೂರು ರಂಧ್ರ. ಎದೆಮೂಳೆಯ ಹಿಂದೆ ಜಾಗ ಇಕ್ಕಟ್ಟೆಂದು ಇಂಗಾಲದ ಡೈಆಕ್ಸೈಡ್ ಅನ್ನು ಕಡಿಮೆ ಒತ್ತಡದಲ್ಲಿ ತುಂಬಿ ಅಗಲ ಮಾಡಿಕೊಂಡರಂತೆ. ಎರಡೂ ಬದಿಯಲ್ಲಿ ವಪೆಗೆ ಹೋಗುವ ನರ ಇರುತ್ತದೆ, ಅದಕ್ಕೆ ಪೆಟ್ಟಾದರೆ ಉಸಿರಿಗೇ ಕುತ್ತು. ವಿಶೇಷವಾಗಿ ನನ್ನಂಥ ಸ್ನಾಯು ದುರ್ಬಲರಿಗೆ.

ಎದೆಯ ಮುಂಭಾಗದಲ್ಲಿ ಗಡ್ಡೆ ಇದ್ದು ರೆಪ್ಪೆ ಇಳಿಯುವುದು, ಎರಡೆರಡಾಗಿ ಕಾಣುವುದು, ಅಗಿಯುತ್ತಾ ದವಡೆ ಸೋಲುವುದು ಇದ್ದರೆ ಅರಿವಳಿಕೆಗೆ ಮುನ್ನವೇ ದಯವಿಟ್ಟು ಹೇಳಿ. ಅರಿವಳಿಕೆಯ ಕೆಲವು ಔಷಧಗಳು ನಮಗೆ ಬೇರೆಯದೇ ಪರಿಣಾಮ ಮಾಡುತ್ತವೆ. ಗ್ರಂಥಿ ಹೋದ ಮರುದಿನವೇ ರೆಪ್ಪೆ ಏಳುತ್ತದೆ ಎಂದೂ ಕಾಯಬೇಡಿ. ನನಗೆ ಒಂದು ವರ್ಷ ಹಿಡಿಯಿತು, ಮಾತ್ರೆ ಇನ್ನೂ ಇದೆ.

ಓಟಗಾರ

ಅಂಗೈಯ ಗುಟ್ಟು ಎರಡು ವರ್ಷದ ಮೇಲೆ ಬಿಚ್ಚಿತು. ಧನ್ಯವಾದ ಸರ್.

ಹೊಸ ಓದುಗ

ರೋಬೋಟ್ ಶಸ್ತ್ರಚಿಕಿತ್ಸೆ ಇದಕ್ಕಿಂತ ಉತ್ತಮವೇ? ಒಂದೇ ರಂಧ್ರದಲ್ಲಿ ಮಾಡುವವರೂ ಇದ್ದಾರಂತೆ.

ಹಸಿರು ಗೌನು

ಎರಡನ್ನೂ ಹತ್ತಿರದಿಂದ ನೋಡಿದ್ದೇನೆ. ರೋಬೋಟಿನ ಉಪಕರಣ ಮಣಿಕಟ್ಟಿನಂತೆ ತಿರುಗುತ್ತದೆ, ವೈದ್ಯರಿಗೆ ಆಳ ಕಾಣುತ್ತದೆ. ಥೈಮಸ್‌ನಂಥ ಇಕ್ಕಟ್ಟಿನಲ್ಲಿ ಅದು ನೆರವಾಗುತ್ತದೆ. ಆದರೆ ರಂಧ್ರಗಳು ಸಾಮಾನ್ಯವಾಗಿ ನಾಲ್ಕು. ಒಂದೇ ರಂಧ್ರದ ವಿಧಾನ ನುರಿತವರ ಕೈಯಲ್ಲಿ ಸೊಗಸಾಗಿ ನಡೆಯುತ್ತದೆ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಜಾಗದ ಇಂಥ ಗಡ್ಡೆಯನ್ನು ನೀವು ಯಾವ ವಿಧಾನದಲ್ಲಿ ಹೆಚ್ಚು ಸಲ ತೆಗೆದಿದ್ದೀರಿ? ಅವರ ಕೈಗೆ ಯಾವುದು ಪಳಗಿದೆಯೋ ಅದನ್ನೇ ಒಪ್ಪಿಕೊಳ್ಳಿ.

ಉಸಿರಾಟದ ತರಬೇತುದಾರ್ತಿ

ನಾನು ಫಿಸಿಯೋಥೆರಪಿಸ್ಟ್. ಚೇತರಿಕೆಯ ಬಗ್ಗೆ ಎರಡು ಮಾತು. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಂದು ನರ ಓಡುತ್ತದೆ. ರಂಧ್ರ ಸಣ್ಣದಾದರೂ ಉಪಕರಣ ಆ ನರದ ಮೇಲೆ ಒರಗುತ್ತದೆ. ಆದ್ದರಿಂದ ಕೆಲವರಿಗೆ ವಾರಗಟ್ಟಲೆ ಎದೆಯ ಮುಂಭಾಗದಲ್ಲಿ ಉರಿ, ಜುಮ್ಮೆನ್ನುವಿಕೆ, ಬಟ್ಟೆ ತಾಗಿದರೂ ಚುಚ್ಚಿದಂತಾಗುವುದು ಇರುತ್ತದೆ. "ಸಣ್ಣ ರಂಧ್ರಕ್ಕೆ ಇಷ್ಟು ನೋವೇ?" ಎಂದು ಮನೆಯವರು ಕೇಳಿದಾಗ ಎಷ್ಟೋ ಮಂದಿ ನನ್ನೆದುರು ಅತ್ತಿದ್ದಾರೆ. ಅವರ ನೋವು ನಿಜ. ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಎರಡು ಮೂರು ತಿಂಗಳಾದರೂ ಉಳಿದರೆ ಸಹಿಸುತ್ತಾ ಕೂರಬಾರದು, ನರದ ನೋವಿಗೇ ಬೇರೆ ಔಷಧಗಳಿವೆ.

ಮೂರು ಚೆಂಡಿನ ಉಸಿರಾಟದ ಉಪಕರಣವನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಮನೆಯಲ್ಲಿ ಅಭ್ಯಾಸ ಮಾಡಿಸಿ. ಊದಬಾರದು, ಎಳೆಯಬೇಕು. ಇಲ್ಲಿ ತಪ್ಪುವವರೇ ಹೆಚ್ಚು. ಕೆಮ್ಮುವಾಗ ದಿಂಬನ್ನು ಗಾಯಕ್ಕೆ ಒತ್ತಿ ಹಿಡಿಯಲಿ. ತೋಳನ್ನು ದಿನವೂ ಗೋಡೆಯ ಮೇಲೆ ಬೆರಳು ನಡೆಸುತ್ತಾ ಮೇಲಕ್ಕೆ ಒಯ್ಯಲಿ, ಇಲ್ಲದಿದ್ದರೆ ಭುಜ ಬಿಗಿದುಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಹಠಾತ್ ಏದುಸಿರು, ಜ್ವರ, ಗಾಯದಿಂದ ಕೀವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.

ತಂಗಿಯ ಅಕ್ಕ

ಐದು ವಾರಗಳ ನಂತರ ಬರೆಯುತ್ತಿದ್ದೇನೆ.

ಎಂಆರ್‌ಐ ಮಾಡಿಸಿದೆವು, ಗಡ್ಡೆ ಕಿಂಡಿಯೊಳಗೆ ಹೋಗಿರಲಿಲ್ಲ. ಮೆಟಾನೆಫ್ರಿನ್ ಸರಿಯಾಗಿತ್ತು. ಕಣ್ಣುರೆಪ್ಪೆಯ ಪ್ರಶ್ನೆ ಕೇಳಿದಾಗ ಶಸ್ತ್ರಚಿಕಿತ್ಸಕರು ಕಾಗದದ ಮೇಲೆ ಚಿತ್ರ ಬರೆದು, ಗಡ್ಡೆ ಆ ಜಾಗಕ್ಕಿಂತ ಎಷ್ಟು ಕೆಳಗಿದೆ ಎಂದು ತೋರಿಸಿದರು. ಎದೆ ತೆರೆಯಬೇಕಾಗಬಹುದು ಎಂಬುದನ್ನು ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. ಅಪ್ಪ ಒಪ್ಪಿದ್ದು ಆಗಲೇ. ಮೂರು ರಂಧ್ರ ಎಂದಾಗ ಅನುಮಾನಿಸುತ್ತಿದ್ದವರು, ತೊಂದರೆಗಳನ್ನು ಎಣಿಸಿ ಹೇಳಿದ ಮೇಲೆ ನಂಬಿದರು.

ಮೂರು ರಂಧ್ರಗಳಲ್ಲೇ ಮುಗಿಯಿತು. ಎರಡೂಕಾಲು ಗಂಟೆ ಹಿಡಿಯಿತು. ಎರಡನೆಯ ದಿನ ನಳಿಕೆ ತೆಗೆದರು, ಮೂರನೆಯ ದಿನ ಮನೆಗೆ ಬಂದೆವು. ಅಂಗಾಂಶದ ವರದಿಯಲ್ಲಿ ಶ್ವಾನೋಮಾ ಎಂದೇ ಇದೆ. ಬಲ ಎದೆಯ ಕೆಳಗೆ ಒಂದು ಪಟ್ಟಿಯಷ್ಟು ಜಾಗ ಮರಗಟ್ಟಿದೆ, ರಾತ್ರಿ ಉರಿಯುತ್ತದೆ. ತರಬೇತುದಾರ್ತಿಯವರ ಮಾತನ್ನು ಅವಳ ಗಂಡನಿಗೂ ಓದಿಸಿದೆ. ಈಗ ಅವರೇ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ, ನಿನ್ನೆಗಿಂತ ಬೆರಳು ಎಷ್ಟು ಮೇಲೇರಿತು ಎಂದು ಅಳೆಯುತ್ತಾರೆ.

ರೆಪ್ಪೆ ಎರಡೂ ಸಮನಾಗಿವೆ. ಓಟಗಾರ ತಮ್ಮಾ, ಅವಳ ಬಲ ಅಂಗೈ ಮಾತ್ರ ಒಣಗಿದೆ, ಎಡಗೈಗಿಂತ ಬೆಚ್ಚಗೂ ಇದೆ. ನಿಮ್ಮದು ಬೆಚ್ಚಗಿದೆಯೇ, ಅದು ಮುಂದೆಯೂ ಹೀಗೆಯೇ ಇರುತ್ತದೆಯೇ ಎಂದು ಕೇಳಲು ಹೇಳಿದ್ದಾಳೆ.

ಓಟಗಾರ

ಹೌದು ಅಕ್ಕ, ಬೆಚ್ಚಗಿದೆ. ಎರಡು ವರ್ಷವಾದರೂ ಬದಲಾಗಿಲ್ಲ. ಚಳಿಯಲ್ಲಿ ಓಡುವಾಗ ಬಲಗೈಗೆ ಮಾತ್ರ ಕೈಗವಸು ಹಾಕಿಕೊಳ್ಳುತ್ತೇನೆ. ಚರ್ಮ ಒಡೆಯದಂತೆ ರಾತ್ರಿ ಆ ಒಂದು ಅಂಗೈಗೆ ಸ್ವಲ್ಪ ಎಣ್ಣೆ ಸವರಿಕೊಳ್ಳಲು ಹೇಳಿ.